ಜೋಳದೊಳಗಿನ ಜವಳದ ಕತ್ತಿ

ಮಂಗಳವಾರ ನಮ್ಮ ಮನೆಯಲ್ಲಿ ಯಾರೂ ಯಾರೊಂದಿಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಊರಿನ ಕ್ಷೌರದಂಗಡಿಗಳಿಗೆಲ್ಲ ಅವತ್ತು ರಜೆ. ಅಪ್ಪ ಮನೆಯಲ್ಲಿರುತ್ತಿದ್ದ, ಅಜ್ಜನೂ ಮನೆಯಲ್ಲಿರುತ್ತಿದ್ದ, ಪೆಟ್ಟಿಗೆಯೊಳಗಿನ ಕತ್ತಿಗಳು ಹೊರಗೆ ಬರುತ್ತಿದ್ದವು, ಅವುಗಳ ಜೊತೆಗೇ ಹಳೆಯ ಜಗಳಗಳೂ ಹೊರಗೆ ಬರುತ್ತಿದ್ದವು. ಗಡ್ಡ ಹೆರೆಯುವ ಹಳೆಯ ಕಾಲದ ಕತ್ತಿಗಳು ಅವು, ಕೆಲಸ ಮುಗಿದ ಮೇಲೆ ಹಿಡಿಯೊಳಗೆ ಮಡಚಿಡುವಂಥವು. ನಾನು ಹುಟ್ಟುವ ಹೊತ್ತಿಗಾಗಲೇ ಅವುಗಳ ಕಾಲ ಮುಗಿಯುತ್ತ ಬಂದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪ ಇಟ್ಟಿದ್ದ ಅಂಗಡಿಯಲ್ಲಿ ತಿರುಗುವ ಕುರ್ಚಿ ಇತ್ತು, ಎದುರುಬದುರು ಕನ್ನಡಿ ಇದ್ದವು, ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಹೊಸ ಹಿಡಿ ಇತ್ತು. ಏಡ್ಸ್ ಬರುತ್ತದೆ, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಿಸಿಕೊಳ್ಳಿ ಎಂದು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ನಾನು ಅದನ್ನು ಕೂಡಿಸಿ ಓದಿದ ದಿನ ಮನೆಗೆ ಬಂದು ಅಜ್ಜಿಯನ್ನು ಕೇಳಿದ್ದೆ.

"ಅಜ್ಜೀ, ಹಂಗಾರ ಈ ಕತ್ತಿ ಯಾಕ ತೊಳಿತೀರಿ?"

"ತೊಳೀದ ಇಟ್ರ ತುಕ್ಕು ಹಿಡಿತಾವು."

"ಹಿಡಿದ್ರ ಏನಾತು? ಯಾರೂ ಬಳಸಂಗಿಲ್ಲಲ್ಲ."

"ನಿನ್ನ ಅಜ್ಜನ್ನೂ ಈಗ ಯಾರೂ ಕೆಲಸಕ್ಕ ಕರಿಯಂಗಿಲ್ಲ. ಮೈ ತೊಳ್ಕಬ್ಯಾಡ ಅಂತ ಹೇಳಿ ಬಾ ಹೋಗು."

ಆ ಮನೆಯಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಇಂಥವೇ ಉತ್ತರ ಸಿಗುತ್ತಿದ್ದವು. ಕೇಳಿದ ಮೇಲೆ ಇನ್ನಷ್ಟು ಗೊಂದಲವಾಗುತ್ತಿತ್ತು.

ಮನೆ ಇದ್ದದ್ದು ಕೊಟ್ಟೂರಿನ ಹಳೆಯ ಓಣಿಯಲ್ಲಿ. ಮಣ್ಣಿನ ಮಾಳಿಗೆಯ ಉದ್ದನೆಯ ಮನೆ. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಕಡೆಗೆ ಹಿತ್ತಿಲು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ಬೆಳಿಗ್ಗೆ ದೇವರ ಜಗಲಿಯ ಮೇಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಜೋಳದ ಡ್ರಮ್ಮಿನ ಮೇಲೆ ಬಂದಿರುತ್ತಿತ್ತು. ಆ ಡ್ರಮ್ಮು ನನ್ನ ಗದ್ದದವರೆಗೆ ಬರುತ್ತಿತ್ತು. ಅಜ್ಜ ಹಿಂದೆ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದ ರೈತರಲ್ಲಿ ಕೆಲವರು ಇನ್ನೂ ಮರ್ಯಾದೆ ಬಿಡದೆ ಸುಗ್ಗಿಯಲ್ಲಿ ಜೋಳ ಕಳಿಸುತ್ತಿದ್ದರು. ಅದಕ್ಕೆ ಒಣಗಿದ ಬೇವಿನೆಲೆ ಬೆರೆಸಿ ಅಜ್ಜಿ ತುಂಬಿಡುತ್ತಿದ್ದಳು. ಡ್ರಮ್ಮಿನ ಪಕ್ಕದ ಗೂಡಿನಲ್ಲಿ ಕತ್ತಿಗಳ ಪೆಟ್ಟಿಗೆ ಇರುತ್ತಿತ್ತು. ಅಜ್ಜ ಕಂಕುಳಲ್ಲಿ ಇಟ್ಟುಕೊಂಡು ಊರೂರು ತಿರುಗಿದ ತೊಗಲಿನ ಹಡಪ ಬರಿದಾಗಿ ಗೂಟಕ್ಕೆ ತೂಗುತ್ತಿತ್ತು. ತೊಗಲು ಬೆವರುತ್ತದೆ, ಅದರೊಳಗೆ ಕತ್ತಿ ಇಟ್ಟರೆ ಕೆಡುತ್ತವೆ ಎಂದು ಅಜ್ಜಿ ಅವನ್ನು ಬೇವಿನ ಕಟ್ಟಿಗೆಯ ಪೆಟ್ಟಿಗೆಗೆ ವರ್ಗ ಮಾಡಿದ್ದಳು.

ಮಂಗಳವಾರ ಬೆಳಿಗ್ಗೆ ರೊಟ್ಟಿ ಮುಗಿದ ಮೇಲೆ ಹಿತ್ತಲ ಬಾಗಿಲಿನ ನೆರಳಿನಲ್ಲಿ ಗೋಣಿತಟ್ಟು ಹಾಸುತ್ತಿದ್ದರು. ಒಂದು ಕಡೆ ಅಜ್ಜಿ, ಎದುರಿಗೆ ಅವ್ವ, ನಡುವೆ ಉಗುರುಬೆಚ್ಚಗಿನ ನೀರು, ಸೋಪಿನ ಚೂರು, ಅಜ್ಜನ ಧೋತರದ ಹರಿದ ಅರಿವೆಗಳು, ಎಣ್ಣೆಯ ಬಟ್ಟಲು. ತೊಳೆಯುವುದು ಅವ್ವನ ಪಾಲು. ಕತ್ತಿಯನ್ನು ಪೂರ್ತಿ ಮುಳುಗಿಸುವ ಹಾಗಿಲ್ಲ, ಅಲಗಿಗೆ ಮಾತ್ರ ನೀರು ತಾಗಬೇಕು, ಕೋಡಿನ ಹಿಡಿ ನೆನೆಯಬಾರದು. ಒರೆಸುವಾಗ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಬರಬೇಕು, ಎದುರಾಗಿ ಹೋದರೆ ಅರಿವೆಯೂ ಹೋಯಿತು, ಬೆರಳೂ ಹೋಯಿತು. ಮಡಚುವ ಕೀಲಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಕಸಬರಿಗೆಯ ಕಡ್ಡಿಗೆ ಅರಿವೆ ಸುತ್ತಿ ಅದನ್ನು ಹೀರಿಸಬೇಕು. ಅಲ್ಲಲ್ಲಿ ತುಕ್ಕಿನ ಚುಕ್ಕಿ ಕಂಡರೆ ಸೋಸಿದ ಬೂದಿ ಹಾಕಿ ಬೆರಳ ತುದಿಯಿಂದ ತಿಕ್ಕಬೇಕು. ನೆರಳಲ್ಲಿ ಆರಿದ ಮೇಲೆ ಎಣ್ಣೆ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವುದು ಅಜ್ಜಿಯ ಪಾಲು. ನಾನು ಒದ್ದೆ ಕತ್ತಿಯನ್ನು ಮುಟ್ಟಬಹುದಿತ್ತು, ಎಣ್ಣೆ ಹಚ್ಚಿದ ಕತ್ತಿಯನ್ನು ಮುಟ್ಟುವಂತಿರಲಿಲ್ಲ. ಅದು ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಎಣ್ಣೆಯ ಬಗ್ಗೆ ಪ್ರತಿ ವಾರವೂ ಒಂದು ಸುತ್ತು ನಡೆಯುತ್ತಿತ್ತು. ಅವ್ವನ ತವರು ಹರಪನಹಳ್ಳಿ ಕಡೆಯ ತೆಲಿಗಿ. ಅವರದೂ ಇದೇ ಕಸುಬು. ಅಲ್ಲಿ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನಮ್ಮಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ.

"ಔಡಲೆಣ್ಣಿ ಅಂಟತೈತ್ರಿ ಅತ್ತಿ. ಧೂಳು ಹಿಡಿತೈತಿ" ಎನ್ನುತ್ತಿದ್ದಳು ಅವ್ವ, ತಲೆ ಎತ್ತದೆ.

"ನಿಮ್ಮ ಕೊಬ್ರಿ ಎಣ್ಣಿ ತಲಿಗೆ ಹಚ್ಗ. ನಾಕು ದಿನಕ್ಕ ಆರಿ ಹೊಕ್ಕೈತಿ ಅದು."

ಪಡಸಾಲೆಯಲ್ಲಿ ಮಲಗಿದ್ದ ಅಪ್ಪ ಅಲ್ಲಿಂದಲೇ, "ಯಾವ ಎಣ್ಣಿನೂ ಬ್ಯಾಡ, ಗುಜರಿಯಾಂವ ಬಂದಾಗ ಹಾಕ್ರಿ ಅತ್ಲಾಗ" ಎನ್ನುತ್ತಿದ್ದ. ಕಟ್ಟೆಯ ಮೇಲಿದ್ದ ಅಜ್ಜ ಕೆಮ್ಮುತ್ತಿದ್ದ. ಅದು ಕೆಮ್ಮಲ್ಲ, ಬೈಗುಳ ಎಂದು ನಮಗೆಲ್ಲ ಗೊತ್ತಿತ್ತು. ಆಮೇಲೆ ಊಟದವರೆಗೆ ತಂದೆ ಮಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಷ್ಟು ಕತ್ತಿಗಳಲ್ಲಿ ಕೆಲಸ ಉಳಿದಿದ್ದದ್ದು ಒಂದಕ್ಕೆ ಮಾತ್ರ, ಜವಳದ ಕತ್ತಿಗೆ. ಕೂಸಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಯುವುದಕ್ಕೆಂದೇ ಅಜ್ಜ ಅದನ್ನು ಬೇರೆ ಇಟ್ಟಿದ್ದ. ಉಳಿದವುಗಳಿಗಿಂತ ಸಣ್ಣದು, ಹಿಡಿ ಎಮ್ಮೆಕೋಡಿನದು, ಅಜ್ಜನ ಹೆಬ್ಬೆರಳು ಕೂತು ಕೂತು ಒಂದು ಕಡೆ ತಗ್ಗಾಗಿತ್ತು. ಬ್ಲೇಡಿಗೆ ಒಗ್ಗಿದ ಅಪ್ಪನೂ ಆ ಒಂದರ ಬಗ್ಗೆ ಮಾತ್ರ ಹಗುರವಾಗಿ ಮಾತಾಡುತ್ತಿರಲಿಲ್ಲ, ಅವನ ತಲೆಯ ಮೇಲೂ ಅದು ಆಡಿತ್ತು. ನನ್ನ ತಮ್ಮ ಆಗ ಅಂಬೆಗಾಲಿಡುತ್ತಿದ್ದ. ಅವನ ಜವಳ ಬಾಕಿ ಇತ್ತು. ಅವನ ತಲೆಯ ಸಿಕ್ಕುಗಟ್ಟಿದ ಕೂದಲನ್ನು ನೋಡಿದಾಗಲೆಲ್ಲ ಅಜ್ಜನ ಬೆರಳು ತಾವೇ ಅಲುಗುತ್ತಿದ್ದವು.

ಆ ವರ್ಷದ ಪಂಚಮಿಗೆ ಅವ್ವನ ಅಣ್ಣ ಬಸಣ್ಣಮಾವ ಉಂಡಿ ಕಟ್ಟಿಸಿಕೊಂಡು ತೆಲಿಗಿಯಿಂದ ಬಂದ. ತೆಲಿಗಿಯ ಬಸ್ ನಿಲ್ಲುವ ಜಾಗದಲ್ಲಿ ಅವನೂ ಅಂಗಡಿ ಹಾಕುವವನಿದ್ದ, ಆ ಉತ್ಸಾಹದಲ್ಲಿ ಬಾಯಿ ನಿಲ್ಲುತ್ತಿರಲಿಲ್ಲ. ಜವಳದ ಕತ್ತಿಯನ್ನು ತೋರಿಸಿರೆಂದು ಅವನೇ ಕೇಳಿದ. ಅಜ್ಜ ಕೊಟ್ಟ. ಮಾವ ಬೆಳಕಿಂಡಿಯ ಕೆಳಗೆ ನಿಂತು ಅಲಗನ್ನು ಆ ಕಡೆ ಈ ಕಡೆ ತಿರುಗಿಸಿ, "ಇಂಥಾದು ಈಗ ಎಷ್ಟು ಕೊಟ್ರೂ ಸಿಗಂಗಿಲ್ರಿ ಮಾವಾರ" ಎಂದ. ಮರುದಿನ ಊರಿಗೆ ಹೋದ. ಅದರ ಮುಂದಿನ ಮಂಗಳವಾರ ಪೆಟ್ಟಿಗೆ ತೆರೆದರೆ ಜವಳದ ಕತ್ತಿ ಇರಲಿಲ್ಲ.

ಅರಿವೆಗಳನ್ನು ಒಂದೊಂದಾಗಿ ಬಿಚ್ಚಿದರು. ಗೂಡು, ಜಗಲಿಯ ಹಿಂದೆ, ಹಾಸಿಗೆಯ ಸುರುಳಿ, ಅಜ್ಜನ ಹಡಪ, ಬಚ್ಚಲ ಗೋಡೆಯ ಮೇಲಿನ ಸಂದು, ಎಲ್ಲ ನೋಡಿದರು. ಕಡೆಗೆ ಅಜ್ಜಿ ಗೋಣಿತಟ್ಟಿನ ಮೇಲೆ ಕೂತು ಹೇಳಿದಳು.

"ಬಸಣ್ಣ ಹಿಡ್ಕಂಡು ನೋಡಿದ್ನಲ್ಲ. ಅವತ್ತ ಕಡೀ ಸಲ ಕಂಡಿದ್ದು."

ಅವ್ವನ ಕೈ ಬೋಗುಣಿಯ ನೀರಲ್ಲೇ ನಿಂತಿತು.

"ಅಂದ್ರ ಏನ್ರಿ ಅತ್ತಿ?"

"ಅಂದ್ರ ಅಷ್ಟ. ನಾ ಯಾರನ್ನೂ ಏನೂ ಅಂದಿಲ್ಲ."

"ಅನ್ನಾದು ಅಂದುಬಿಡ್ರಿ. ನನ್ನ ಅಣ್ಣ ಒಯ್ದ, ನಾ ಕೊಟ್ಟು ಕಳಿಸಿದೆ ಅಂತ."

"ನೀನ ಅಂದಿ ನೋಡು. ನಾನಂದಿಲ್ಲ. ಇನ್ನ ಮ್ಯಾಲೆ ಕತ್ತಿ ನಾನ ತೊಳ್ಕಂತೀನಿ. ನೀ ಒಳಗಿಂದು ನೋಡ್ಕ."

ಅಷ್ಟೇ. ಕೂಗಾಟವಿಲ್ಲ, ಅಳುವಿಲ್ಲ. ಆದರೆ ಅವತ್ತಿನಿಂದ ಅವ್ವ ಕತ್ತಿ ಮುಟ್ಟುವ ಹಾಗಿರಲಿಲ್ಲ. ಅಪ್ಪ ಯಾವುದೋ ನೆಪ ಮಾಡಿಕೊಂಡು ತೆಲಿಗಿಗೆ ಹೋಗಿ ಸುತ್ತು ಬಳಸಿ ವಿಚಾರಿಸಿ ಬಂದ. ಸುತ್ತು ಬಳಸಿ ಕೇಳಿದರೇನು, ಮಾವನಿಗೆ ತಿಳಿಯದಿರುತ್ತದೆಯೇ? ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಮಾತ್ರ ಜೋರಾಯಿತು. ನಾನು ಆ ದಿನಗಳಲ್ಲಿ ಅವ್ವನ ಟ್ರಂಕಿನ ಕಡೆ ಕದ್ದು ನೋಡುತ್ತಿದ್ದೆ, ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಅವ್ವ ಕಳ್ಳಿಯಲ್ಲ ಎಂದು ಗೊತ್ತಿತ್ತು. ಅಜ್ಜಿ ಸುಳ್ಳು ಹೇಳುವವಳಲ್ಲ ಎಂದೂ ಗೊತ್ತಿತ್ತು. ಎರಡೂ ಗೊತ್ತಿದ್ದ ಮೇಲೆ ಏನನ್ನು ನಂಬುವುದು?

ಗಿರಣಿಗೆ ಜೋಳ ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಅದು ಸಿಕ್ಕಿತು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಅವ್ವ ಡ್ರಮ್ಮಿನೊಳಗೆ ಬಗ್ಗಿ ಸೇರಿನಿಂದ ಜೋಳ ತುಂಬುತ್ತಿದ್ದವಳು ತಟ್ಟನೆ ನಿಂತಳು. ಸೇರು ಕೆಳಗಿಟ್ಟು ಮೊಣಕೈವರೆಗೆ ಕೈ ಇಳಿಸಿ ಕೆಂಪು ಅರಿವೆಯ ಗಂಟೊಂದನ್ನು ಹೊರಗೆ ತೆಗೆದಳು. ಅಜ್ಜಿಯ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು ಅದು. ಬಿಚ್ಚಿದರೆ ಒಳಗೆ ಜವಳದ ಕತ್ತಿ. ಅವ್ವ ಡ್ರಮ್ಮಿಗೆ ಒರಗಿ ಕೂತುಬಿಟ್ಟಳು.

"ಅವ್ವಾ! ಸಿಕ್ತು! ಅಜ್ಜೀನ ಕರಿಲೇನು?"

"ಬಾಯಿ ಮುಚ್ಚು ಚಂದ್ರಿ."

"ಯಾಕ?"

"ಯಾರಿಗೆ ಸಿಕ್ತು ಇದು?"

"ನಿನಗ."

"ಹಾಂ. ಮನಿಮಂದಿಯೆಲ್ಲ ಹುಡುಕಿದ್ರ ಸಿಗಲಿಲ್ಲ, ನನಗ ಸಿಕ್ತು. ಅಣ್ಣ ಹೆದರಿ ತಿರುಗಿ ಕಳಿಸ್ಯಾನ, ಈಕಿ ಜ್ವಾಳದಾಗ ಸಿಕ್ತು ಅಂತ ಆಟ ಹೂಡ್ಯಾಳ ಅಂತಾರ. ಇದು ಇಟ್ಟೋರ ಕೈಗೇ ಸಿಗಬೇಕು."

ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಗೂಡಿನ ಗೋಡೆ ತಂಪು ಹಿಡಿಯುತ್ತದೆ, ಜೋಳವಾದರೆ ಬೆಚ್ಚಗಿರುತ್ತದೆ, ತೇವ ಹೀರುತ್ತದೆ ಎಂದು ಅಜ್ಜಿ ಅದನ್ನು ಅಲ್ಲಿ ಹುಗಿದಿಟ್ಟು ಮರೆತಿದ್ದಳು. ಇದು ಅವ್ವನಿಗೆ ಆ ಅರಿವೆ ನೋಡಿದ ಕೂಡಲೇ ತಿಳಿದಿತ್ತು. ನನಗೆ ಮಾತ್ರ ತಲೆ ಬುಡ ತಿಳಿಯಲಿಲ್ಲ. ಸಿಕ್ಕಿದ್ದನ್ನು ಸಿಕ್ಕಿತು ಎಂದರೆ ಕಳ್ಳಿಯಾಗುವುದು ಹೇಗೆ? ಅವ್ವ ಅಲಗನ್ನು ಬೆಳಕಿಗೆ ಹಿಡಿದಳು. ಎಳ್ಳುಕಾಳಿನಷ್ಟು ತುಕ್ಕು ಆಗಲೇ ಹುಟ್ಟಿತ್ತು. ಒಲೆಯ ಬೂದಿ ತಂದು ತಿಕ್ಕಿದಳು, ಸೆರಗಿನಿಂದ ಒರೆಸಿದಳು. ಔಡಲೆಣ್ಣೆಯ ಶೀಸೆ ಅಜ್ಜಿಯ ಹತ್ತಿರವಿತ್ತು, ಹಾಗಾಗಿ ತನ್ನ ತಲೆಯ ಕೊಬ್ಬರಿ ಎಣ್ಣೆಯನ್ನೇ ಬೆರಳ ತುದಿಗೆ ತೆಗೆದುಕೊಂಡು ಸವರಿ, ಅದೇ ಅರಿವೆಯಲ್ಲಿ ಅದೇ ಗಂಟು ಹಾಕಿ, ಬಂದ ಜಾಗಕ್ಕೇ ಇಳಿಸಿದಳು. ಮೇಲೆ ಜೋಳ ಎಳೆದು ಸಮ ಮಾಡಿದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಂಗಳವಾರ ಎರಡು ಕಡೆ ನಡೆಯಿತು. ಹಿತ್ತಲ ಬಾಗಿಲಲ್ಲಿ ಅಜ್ಜಿ ಒಬ್ಬಳೇ ಕೂತು, ಸೊಂಟ ನೋವೆಂದು ನರಳುತ್ತ, ಯಾರಿಗೂ ಬೇಡವಾದ ಕತ್ತಿಗಳಿಗೆ ಔಡಲೆಣ್ಣೆ ಹಚ್ಚುತ್ತಿದ್ದಳು. ನಡುಮನೆಯಲ್ಲಿ ಅವ್ವ ಜೋಳ ತೆಗೆಯುವ ನೆಪದಲ್ಲಿ ಡ್ರಮ್ಮಿಗೆ ಬಗ್ಗಿ, ತನ್ನನ್ನು ಕಳ್ಳಿ ಮಾಡಿದ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಆ ದಿನಗಳಲ್ಲಿ ಮಗ್ಗಿ ಎಷ್ಟು ಒಪ್ಪಿಸಿದರೂ ತಪ್ಪುತ್ತಿತ್ತು.

ಇನ್ನು ಅಜ್ಜಿಯ ಕೈಯನ್ನು ಆ ಡ್ರಮ್ಮಿನೊಳಗೆ ಇಳಿಸುವುದು ಹೇಗೆ? ಅವ್ವ ಮಾಡಿದ ಉಪಾಯಗಳು ಒಂದೆರಡಲ್ಲ. ಮೊದಲು ಕೈ ಉಳುಕಿದೆ ಎಂದಳು, ಅರಿಶಿನ ಸುಣ್ಣದ ಪಟ್ಟು ಹಾಕಿಕೊಂಡಳು. "ಚಂದ್ರಿ, ನಿಮ್ಮವ್ವಗ ಜ್ವಾಳ ತಗದು ಕೊಡು" ಎಂದಳು ಅಜ್ಜಿ. ನಾನು ಕಣ್ಣು ಮುಚ್ಚಿಕೊಂಡು ತೆಗೆದುಕೊಟ್ಟೆ. ಆಮೇಲೆ ಜೋಳವನ್ನೇ ಇಳಿಸಿ ಗಂಟು ಮೇಲೆ ಕಾಣುವ ಹಾಗೆ ಮಾಡೋಣವೆಂದು ಅವ್ವ ದಾನಕ್ಕೆ ನಿಂತಳು. ಭಿಕ್ಷಕ್ಕೆ ಬಂದ ಅಯ್ಯನವರಿಗೆ, ಕೋಲೆಬಸವನನ್ನು ಕರೆತಂದವನಿಗೆ, ಬುಟ್ಟಿ ಮಾರುವವಳಿಗೆ, ಎಲ್ಲರಿಗೂ ಮೊರ ತುಂಬ ಜೋಳ. ಓಣಿಯಲ್ಲಿ ನಮ್ಮ ಮನೆಗೆ ಎಲ್ಲಿಲ್ಲದ ಹೆಸರು ಬಂತು. ಕೋಲೆಬಸವನಂತೂ ಬೇರೆ ಬಾಗಿಲಿಗೆ ಹೋಗಲು ಒಪ್ಪದಾಯಿತು.

"ಏನ ಇದು ನಿನ್ನ ದಾನಶೂರತನ? ಜ್ವಾಳ ಮಳಿ ಸುರಿದಂಗ ಸುರಿತೈತೇನು?" ಎಂದು ಅಜ್ಜಿ ಬೈದಳು.

"ಕೊಟ್ರ ಪುಣ್ಯ ಬರ್ತೈತ್ರಿ ಅತ್ತಿ."

"ಬಂದ ಪುಣ್ಯ ರೊಟ್ಟಿ ಮಾಡಿ ಬಡಸು ಹಂಗಾರ."

ಇನ್ನೇನು ಗಂಟು ತಾನೇ ಮೇಲೆ ಬರಬೇಕು, ಅಷ್ಟರಲ್ಲಿ ರೈತರ ಮನೆಯಿಂದ ಹೊಸ ಜೋಳ ಬಂತು. ಅಪ್ಪ ಮೂಟೆ ಹೊತ್ತು ತಂದು ನಮ್ಮ ಕಣ್ಣೆದುರೇ ಕಂಠಮಟ ಸುರಿದುಬಿಟ್ಟ. ಅವ್ವನಿಗೆ ಅಳು ಬಂತು. ಅಪ್ಪ ಕಕ್ಕಾಬಿಕ್ಕಿಯಾಗಿ, "ಜ್ವಾಳ ಬಂದ್ರ ಅಳ್ತಾರೇನಲೇ ಯಾರರ?" ಎಂದು ನನ್ನನ್ನು ಕೇಳಿದ. ಮರುದಿನ ಅವ್ವ ಹೆಗಲಮಟ ಕೈ ಇಳಿಸಿ ಗಂಟನ್ನು ಮೇಲಕ್ಕೆ ತಂದಳು. ಈ ಸಲ ಇಡುವಾಗ ಕೆಂಪು ಅರಿವೆಯ ತುದಿ ಹೊರಗೆ ಕಾಣುವಂತೆಯೇ ಇಟ್ಟಳು.

ಆಮೇಲೆ ನಡೆದದ್ದು ನನ್ನನ್ನು ಈಗಲೂ ಬಿಟ್ಟಿಲ್ಲ. ಒಂದು ದಿನ ಅಜ್ಜಿ ತಾನಾಗಿಯೇ ಬಂದು ಡ್ರಮ್ಮಿನ ಮುಚ್ಚಳ ತೆಗೆದಳು. ಬೆಳಕಿಂಡಿಯ ಬಿಸಿಲು ನೇರವಾಗಿ ಜೋಳದ ಮೇಲೆ ಬಿದ್ದಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಸ್ವಲ್ಪ ಹೊತ್ತು ಬಗ್ಗಿ ನೋಡಿದಳು, ಒಂದು ಬದಿಯಿಂದ ಒಂದು ಹಿಡಿ ಜೋಳ ತೆಗೆದುಕೊಂಡಳು, ಹುಳ ಬಿದ್ದಿದೆಯೇ ಎಂದು ಊದಿ ನೋಡಿ ವಾಪಸು ಹಾಕಿದಳು, ಮುಚ್ಚಳ ಮುಚ್ಚಿ ಹೊರಟುಹೋದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ನಿಜ. ಆದರೆ ಹುಳ ಕಾಣುವವಳಿಗೆ ಕೆಂಪು ಅರಿವೆ ಕಾಣಲಿಲ್ಲವೇ? ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಆ ದಿನ ಅವ್ವ ಉಣ್ಣಲಿಲ್ಲ.

ಚಳಿ ಕಡಿಮೆಯಾದ ಮೇಲೆ ಅಜ್ಜ ತಮ್ಮನ ಜವಳದ ಮಾತು ತೆಗೆದ. ಎಲ್ಲರೂ ಊಟಕ್ಕೆ ಕೂತಿದ್ದರು, ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಕತ್ತಿ ಇಲ್ಲದ ಮೇಲೆ ಬ್ಲೇಡಿನಲ್ಲೇ ಮಾಡಿದರಾಯಿತು, ತಾನೇ ಮಾಡುತ್ತೇನೆ ಎಂದ ಅಪ್ಪ. ಸರಿ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವರು ಯಾರು? ಅದು ಸೋದರಮಾವನ ಹಕ್ಕು. ಯಾರೂ ಬಸಣ್ಣಮಾವನ ಹೆಸರೆತ್ತಲಿಲ್ಲ. "ನಾನ ಕುಂದ್ರಿಸ್ಕಂತೀನಿ ತಗ" ಎಂದ ಅಜ್ಜ, ತಟ್ಟೆಯಲ್ಲಿದ್ದ ಕೆಂಪಿಂಡಿ ಚಟ್ನಿಯ ಕಡೆ ನೋಡುತ್ತ. ರೊಟ್ಟಿಯ ಸದ್ದು ನಿಂತಿತು.

"ನನ್ನ ಅಣ್ಣನ ತೊಡಿ ಮ್ಯಾಲೆ ಆಗಬೇಕು" ಎಂದಳು ಅವ್ವ. "ಆತ ಈ ಮನಿಗೆ ಬರಬಾರದು ಅಂದ್ರ ಮಗನ್ನ ಎತ್ಕಂಡು ನಾನ ತೆಲಿಗಿಗೆ ಹೋಗ್ತೀನಿ. ಅಲ್ಲೇ ಮಾಡಿಸ್ತೀನಿ. ತಿರುಗಿ ಬರಾದು ಆಮ್ಯಾಲಿನ ಮಾತು."

ಮಗನನ್ನು ಎತ್ತಿಕೊಂಡು ಹೋಗುತ್ತೇನೆ ಎಂದಳು, ನನ್ನ ಹೆಸರು ಹೇಳಲಿಲ್ಲ. ಇಷ್ಟು ದಿನ ಹೊಸ್ತಿಲಲ್ಲಿ ಕೂತು ಅವಳ ಗುಟ್ಟು ಕಾಯ್ದವಳು ನಾನು, ನನ್ನನ್ನು ಇಲ್ಲೇ ಬಿಡುತ್ತಾಳೆಯೇ? ಕೇಳುವ ಧೈರ್ಯವಿರಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತೆ. ಅಜ್ಜಿ ಎದ್ದು ಕೈ ತೊಳೆದಳು.

ಮರುದಿನ ಬೆಳಿಗ್ಗೆ ಅವ್ವ ಕೊಡ ತೆಗೆದುಕೊಂಡು ನಳಕ್ಕೆ ಹೋದಳು. ನಾನು ನಡುಮನೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಅಜ್ಜಿ ಬಂದಳು. ಕೈಯಲ್ಲಿ ಸೇರೂ ಇರಲಿಲ್ಲ, ಮೊರವೂ ಇರಲಿಲ್ಲ. ನೇರವಾಗಿ ಡ್ರಮ್ಮಿನ ಹತ್ತಿರ ಹೋಗಿ ಮುಚ್ಚಳ ತೆಗೆದು, ತಡಕಾಡದೆ ಗಂಟನ್ನು ಎತ್ತಿಕೊಂಡಳು. ಬಿಚ್ಚಿದಳು. ಕತ್ತಿಯನ್ನು ತೆರೆದು ಅಲಗಿನ ಮೇಲೆ ಬೆರಳಾಡಿಸಿದಳು. ಬೆರಳನ್ನು ಮೂಗಿಗೆ ಹಿಡಿದಳು. ಕೊಬ್ಬರಿ ಎಣ್ಣೆಯ ವಾಸನೆ, ಹಿಂದಿನ ಮಂಗಳವಾರದ್ದು. ಅಜ್ಜಿ ನಿಂತಲ್ಲೇ ಕುಕ್ಕರಿಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ನನ್ನನ್ನು ನೋಡಿದಳು. ಬಾಚಣಿಗೆ ನನ್ನ ಕೂದಲಲ್ಲೇ ಸಿಕ್ಕಿಕೊಂಡಿತ್ತು. ನಾನೂ ಅವಳನ್ನೇ ನೋಡಿದೆ.

ಅವಳು ಎದ್ದು ಜಗಲಿಯ ಮೇಲಿದ್ದ ವಿಭೂತಿ ಗಟ್ಟಿಯನ್ನು ತೆಗೆದುಕೊಂಡಳು. ಅದನ್ನು ಪುಡಿಮಾಡಿ ಅಲಗಿಗೆ ಹಾಕಿ ಒರೆಸಿದಳು. ಮೂಸಿದಳು. ಮತ್ತೆ ಹಾಕಿ ಒರೆಸಿದಳು. ಕೀಲಿನ ಸಂದಿಗೂ ವಿಭೂತಿ ತುಂಬಿ ಊದಿದಳು. ಎಣ್ಣೆಯ ಪಸೆ ಪೂರ್ತಿ ಹೋಗಿ ಅಲಗು ಒಣಒಣ ಹೊಳೆಯುವವರೆಗೆ ಬಿಡಲಿಲ್ಲ. ಎಣ್ಣೆಯ ಕಲೆ ಹಿಡಿದಿದ್ದ ಕೆಂಪು ಅರಿವೆಯನ್ನು ಬಚ್ಚಲ ಒಲೆಗೆ ಹಾಕಿದಳು. ಬೇರೊಂದು ಅರಿವೆ ಹರಿದು ಕತ್ತಿ ಸುತ್ತಿ, ಜೋಳದೊಳಗೆ ಮೊದಲಿಗಿಂತ ಆಳಕ್ಕೆ ಇಳಿಸಿ, ಮುಚ್ಚಳ ಮುಚ್ಚಿ ಅದರ ಪಕ್ಕದಲ್ಲಿ ಕೂತಳು. ನನಗೆ ತಲೆ ಕೆಟ್ಟುಹೋಯಿತು. ಮತ್ತೆ ಯಾಕೆ ಹುಗಿದಳು? ಅವ್ವ ತುಂಬಿದ ಕೊಡ ಹೊತ್ತು ಒಳಗೆ ಕಾಲಿಟ್ಟ ಕೂಡಲೇ ಅಜ್ಜಿ ಮನೆ ಹಾರಿಹೋಗುವ ಹಾಗೆ ಕೂಗಿಕೊಂಡಳು.

"ಬರ್ರೀ ಇಲ್ಲಿ! ಎಲ್ಲಾರೂ ಬರ್ರಿ!"

ಅಜ್ಜ ಕಟ್ಟೆಯಿಂದ ಬಂದ, ಅಪ್ಪ ಮುಖದ ತುಂಬ ಸೋಪು ಹಚ್ಚಿಕೊಂಡೇ ಬಂದ. ಎಲ್ಲರ ಎದುರು ಅಜ್ಜಿ ಡ್ರಮ್ಮಿಗೆ ಕೈ ಹಾಕಿ ಕತ್ತಿಯನ್ನು ಹೊರಗೆ ತೆಗೆದಳು.

"ನಾನ ಇಟ್ಟಿದ್ದೆ. ಮಳಿಗಾಲ, ತಂಪು ಹಿಡಿತೈತಿ ಅಂತ ಜ್ವಾಳದಾಗ ಇಟ್ಟೆ, ಮರ್ತೆ. ಇದರಾಗ ಯಾರ ಕೈನೂ ಇಲ್ಲ. ನನ್ನ ತಲಿ ಕೆಟ್ಟೈತಿ, ಅಷ್ಟ." ಅಪ್ಪನ ಕಡೆ ತಿರುಗಿ, "ನೀ ಮಾರಿ ತೊಳ್ಕಂಡು ತೆಲಿಗಿಗೆ ಹೋಗು. ಬಸಣ್ಣನ ಮುಂದ ನಿಂತು ಕರದು ಬಾ. ಯಾರ ಕೈಲೂ ಹೇಳಿ ಕಳಿಸಬ್ಯಾಡ, ನೀನ ಹೋಗು" ಎಂದಳು.

ಅವ್ವನ ಕಡೆ ಅವಳು ನೋಡಲಿಲ್ಲ. ಅವ್ವ ಕೊಡ ಇಳಿಸುವುದನ್ನು ಮರೆತು ಆ ಹೊಸ ಅರಿವೆಯನ್ನೇ ನೋಡುತ್ತಿದ್ದಳು. ನೀರು ತುಳುಕಿ ಸೀರೆ ತೋಯುತ್ತಿತ್ತು. ಅಜ್ಜ ಕತ್ತಿಯನ್ನು ತೆಗೆದುಕೊಂಡು ಹೆಬ್ಬೆರಳ ಉಗುರಿನ ಮೇಲೆ ಎಳೆದ, ಮುಂಗೈ ಕೂದಲ ಮೇಲೆ ಆಡಿಸಿದ, ಕೀಲು ತೆರೆದು ಮುಚ್ಚಿದ. ಅವನ ಮುಖ ಅರಳುತ್ತ ಹೋಯಿತು.

"ಎಣ್ಣಿ ಒಂದು ಹನಿ ಇಲ್ಲ. ತುಕ್ಕೂ ಇಲ್ಲ. ಮಳಿಗಾಲ ದಾಟಿ ಬಂದೈತಿ ನೋಡ್ರಲೇ! ಏನ್ ಗುಣ ಐತಿ ಜ್ವಾಳಕ್ಕ!"

ಆ ಹೊತ್ತಿನಲ್ಲಿ ಸತ್ಯ ಗೊತ್ತಿದ್ದವರು ನಾವು ಮೂವರು. ಮೂವರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅಜ್ಜಿ ಯಾಕೆ ಆ ಎಣ್ಣೆ ಒರೆಸಿದಳು? ಅವ್ವನಿಗೆ ಮೊದಲೇ ಗೊತ್ತಿತ್ತೆಂದು ತಿಳಿದರೆ ಗಂಡಸರು ಮತ್ತೇನೋ ಕಥೆ ಕಟ್ಟುತ್ತಾರೆ ಎಂದೇ? ಅಥವಾ, ತಾನು ಯಾರನ್ನು ಕಳ್ಳಿ ಎಂದಳೋ ಅವಳೇ ಆ ಕತ್ತಿಯನ್ನು ಕಾಪಾಡಿದಳು ಎಂಬುದು ಬೆಳಕಿಗೆ ಬಂದರೆ ತನ್ನ ಮಾನ ಹೋಗುತ್ತದೆ ಎಂದೇ? ದೊಡ್ಡವಳಾದ ಮೇಲೆ ಕೆಲವು ವರ್ಷ ಮೊದಲನೆಯದು ಸರಿ ಎನ್ನಿಸಿತ್ತು. ನನಗೂ ಅತ್ತೆಯೊಬ್ಬಳು ಬಂದ ಮೇಲೆ ಎರಡನೆಯದು ಸರಿ ಎನ್ನಿಸಿತು. ಈಗ ಎರಡೂ ಇದ್ದಿರಬಹುದು ಅನ್ನಿಸುತ್ತದೆ.

ಜವಳ ಹಿತ್ತಿಲಲ್ಲಿ ನಡೆಯಿತು. ಬಸಣ್ಣಮಾವ ಬಂದ, ಮುಖ ಬಿಗಿದುಕೊಂಡೇ ಬಂದ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇಲೆ ಮಾತ್ರ ಸಡಿಲಾದ. ಅಜ್ಜನ ಕೈ ನಡುಗಲಿಲ್ಲ. ತಮ್ಮ ಅರಚಿ ಅರಚಿ ಸುಸ್ತಾಗಿ, ಬೋಳುತಲೆ ಮುಟ್ಟಿಕೊಂಡು ಗಾಬರಿಯಾಗಿ ಮತ್ತೆ ಅತ್ತ. ಹೋಳಿಗೆ ಬಡಿಸುವಾಗ ಅಜ್ಜಿ ಮಾವನ ಎಲೆಗೆ ಕೇಳದೆ ಎರಡು ಸಲ ತುಪ್ಪ ಹಾಕಿದಳು. ಅವ್ವ ಅದನ್ನು ನೋಡಿದಳು.

ತಾಪತ್ರಯ ಶುರುವಾದದ್ದು ಅದಾದ ಮೇಲೆ. ಇನ್ನು ಮುಂದೆ ನಮ್ಮ ಮನೆಯ ಒಂದು ಕತ್ತಿಗೂ ಎಣ್ಣೆ ಬೇಡ, ಎಲ್ಲವನ್ನೂ ಜೋಳದಲ್ಲೇ ಇಡಬೇಕು ಎಂದು ಅಜ್ಜ ಅಪ್ಪಣೆ ಮಾಡಿದ. ಸಾಲದ್ದಕ್ಕೆ ಸಂತೆಯಲ್ಲಿ, ಮದುವೆಯಲ್ಲಿ, ಎಲ್ಲಿ ಕಸುಬಿನವರು ಸಿಕ್ಕರೂ ಅಲ್ಲಿ ಈ ಮಾತನ್ನು ಸಾರುತ್ತ ಬಂದ. ಹಡಗಲಿಯ ನಮ್ಮ ಬೀಗರೊಬ್ಬರು ನಂಬಿ ತಮ್ಮ ತಂದೆಯ ಕತ್ತಿಗಳನ್ನೆಲ್ಲ ಜೋಳದಲ್ಲಿ ಹುಗಿದಿಟ್ಟು, ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಎಲ್ಲಕ್ಕೂ ತುಕ್ಕು. ಅವರು ಅದನ್ನು ಹಿಡಿದುಕೊಂಡೇ ಕೊಟ್ಟೂರಿಗೆ ಬಂದರು.

"ನಿಮ್ಮದು ಹೈಬ್ರಿಡ್ ಜ್ವಾಳ ಅದಾವು. ಅವಕ್ಕೆಲ್ಲಿ ಬರಬೇಕು ಆ ಗುಣ? ನಮ್ಮನ್ಯಾಗ ನೋಡ ಬರ್ರಿ" ಎಂದು ಅಜ್ಜ ಅವರನ್ನು ನಡುಮನೆಗೆ ಕರೆದೊಯ್ದು ತೋರಿಸಿದ. ನಮ್ಮ ಡ್ರಮ್ಮಿನಿಂದ ಹೊರಬಂದ ಕತ್ತಿಗಳು ಒಂದೂ ಮಾಸಿರಲಿಲ್ಲ. ಬೀಗರು ನಮ್ಮ ಜೋಳವನ್ನೇ ಒಂದು ಚೀಲ ಕೇಳಿ ತೆಗೆದುಕೊಂಡು ಹೋದರು.

ಅವು ಹೇಗೆ ಮಾಸುತ್ತವೆ? ಪ್ರತಿ ಮಂಗಳವಾರ, ಗಂಡಸರು ಮಂಡಕ್ಕಿ ತಿಂದು ಕಟ್ಟೆಯ ಮೇಲೆ ಕೂತ ಹೊತ್ತಿಗೆ, ಅಜ್ಜಿ ನಡುಮನೆಯ ಬಾಗಿಲಿಗೆ ಅಡ್ಡಲಾಗಿ ಗೋಣಿತಟ್ಟು ಹಾಸಿ, ಕಾಲು ನೀಡಿ, ಮೊರದಲ್ಲಿ ಬೇಳೆ ಹಾಕಿಕೊಂಡು ಕೂರುತ್ತಿದ್ದಳು. ಅವಳ ಬೆನ್ನ ಹಿಂದೆ ಅವ್ವ ಡ್ರಮ್ಮಿನಿಂದ ಕತ್ತಿಗಳನ್ನು ಒಂದೊಂದಾಗಿ ತೆಗೆದು, ಬೂದಿ ತಿಕ್ಕಿ, ಎಣ್ಣೆ ಸವರಿ, ಕಾಣದ ಹಾಗೆ ಒರೆಸಿ ಮತ್ತೆ ಇಳಿಸುತ್ತಿದ್ದಳು. ಇದನ್ನು ಹೀಗೆ ಮಾಡೋಣ ಎಂದು ಅವರಿಬ್ಬರೂ ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ. ಕತ್ತಿ ಕಳೆದ ದಿನದ ಬಗ್ಗೆ ತಪ್ಪಾಯಿತು ಎಂದು ಒಬ್ಬಳು ಹೇಳಿದ್ದನ್ನಾಗಲಿ, ಇರಲಿ ಬಿಡಿ ಎಂದು ಇನ್ನೊಬ್ಬಳು ಹೇಳಿದ್ದನ್ನಾಗಲಿ ಕೇಳಿಲ್ಲ. ಒಮ್ಮೆ ಅಜ್ಜ ಯಾರಿಗೋ ತನ್ನ ಜೋಳದ ಮಹಿಮೆ ತೋರಿಸಬೇಕೆಂದು ಕಟ್ಟೆಯಿಂದ ಎದ್ದು ಒಳಗೆ ಬಂದುಬಿಟ್ಟ. ಅಜ್ಜಿ ಕಾಲು ಮಡಚಲಿಲ್ಲ.

"ದಾರಿ ಬಿಡು. ಒಳಗ ಯಾರದಾರ?"

"ನನ್ನ ಸೊಸಿ ಅದಾಳ. ಕತ್ತಿ ಆಕಿ ಸುಪರ್ದಿಗೆ ಕೊಟ್ಟೀನಿ. ನೀವು ಹೋಗ್ರಿ ಹೊರಗ."